ಪೀಪಾಯಿಯಲ್ಲಿ ಶಾರ್ಡೊನೆ: ಬೆಣ್ಣೆ ಬರುವುದು ಮರದಿಂದಲ್ಲ

ಕ್ಯಾಲಿಫೋರ್ನಿಯಾದ ಶಾರ್ಡೊನೆ (ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ ಬಿಳಿ ವೈನ್) ಅಂದರೆ ನಮ್ಮ ಗೆಳೆಯರಲ್ಲಿ ಎರಡು ಪಕ್ಷ. "ಬೆಣ್ಣೆ ಬೆಣ್ಣೆಯಾಗಿದೆ, ಸೂಪರ್" ಅನ್ನುವವರು ಒಂದು ಕಡೆ. "ಓಕ್ ಜಾಸ್ತಿ ಆಯ್ತು, ಬೇಡಪ್ಪ" ಅನ್ನುವವರು ಇನ್ನೊಂದು ಕಡೆ. ಹೊಗಳುವುದಿರಲಿ, ಬೈಯುವುದಿರಲಿ, ಇಬ್ಬರೂ ಕೈ ತೋರಿಸುವುದು ವೈನ್ ಇಡುವ ಓಕ್ ಮರದ ಪೀಪಾಯಿಯ ಕಡೆಗೇ. ಸೊನೋಮಾದಲ್ಲಿ ಗ್ಯಾರೇಜಿನ ಒಂದು ಮೂಲೆಯಲ್ಲಿ ಪೀಪಾಯಿ ಇಟ್ಟುಕೊಂಡು ನಾನೇ ವೈನ್ ಮಾಡಲು ಶುರು ಮಾಡಿದ ಮೇಲೆ ಈ ಜಗಳದಲ್ಲಿ ನನಗೆ ಯಾವ ಪಕ್ಷವೂ ಉಳಿಯಲಿಲ್ಲ.

ಹಣ್ಣು ತರುವುದು ಸೊನೋಮಾದ್ದೇ ಆದ ರಷ್ಯನ್ ರಿವರ್ ಕಣಿವೆಯಿಂದ. ಬೇಸಿಗೆಯಲ್ಲಿ ಸಂಜೆಯಾದರೆ ಪೆಸಿಫಿಕ್ ಕಡೆಯಿಂದ ಮಂಜು ಒಳಗೆ ನುಗ್ಗುತ್ತದೆ, ಬೆಳಗ್ಗೆ ಬಿಸಿಲೇರುವವರೆಗೂ ಜಾಗ ಬಿಡುವುದಿಲ್ಲ. ಹಗಲಿನ ಬಿಸಿಲಿಗೆ ಸಕ್ಕರೆ ಏರುತ್ತದೆ, ರಾತ್ರಿಯ ಚಳಿಗೆ ಹುಳಿ ಉಳಿಯುತ್ತದೆ. ನಾನು ಕೊಳ್ಳುವ ತೋಟದಲ್ಲಿರುವುದು ವೆಂಟೆ ತಳಿ. ಲಿವರ್‌ಮೋರ್‌ನ ವೆಂಟೆ ಮನೆತನದವರು 1912ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಿಂದ ತರಿಸಿದ ಬಳ್ಳಿಗಳಿಂದ ಬಂದದ್ದು. ಒಂದೇ ಗೊಂಚಲಿನಲ್ಲಿ ದಪ್ಪ ಹಣ್ಣೂ ಇರುತ್ತದೆ, ಪುಟಾಣಿ ಹಣ್ಣೂ ಇರುತ್ತದೆ. ಪುಟಾಣಿಗಳಲ್ಲೇ ರುಚಿ ಗಟ್ಟಿ.

ಪೀಪಾಯಿ ಬರ್ಗಂಡಿ (ಶಾರ್ಡೊನೆಗೆ ಹೆಸರಾದ ಫ್ರಾನ್ಸಿನ ಸೀಮೆ) ಅಳತೆಯದು, 228 ಲೀಟರ್. ಫ್ರೆಂಚ್ ಓಕ್‌ನ ಹೊಸ ಪೀಪಾಯಿಗೆ ಸಾವಿರ ಡಾಲರ್ ಕೊಟ್ಟರೂ ಸಾಲದು. ನಾನು ಹಳೆಯದನ್ನೇ ಹುಡುಕಿದೆ. ದುಡ್ಡಿನ ಮಾತು ಬಿಡಿ, ಇರುವುದೇ ಒಂದು ಪೀಪಾಯಿ ಅಂದಾಗ ಅದು ಹೊಸದಾಗಿದ್ದರೆ ಪೂರ್ತಿ ವೈನ್ ಹೊಸ ಮರದ್ದೇ ಆಗಿಬಿಡುತ್ತದೆ. ದೊಡ್ಡ ವೈನರಿಗಳು ಹೊಸದು, ಹಳೆಯದು ಎರಡರಲ್ಲೂ ಇಟ್ಟು ಆಮೇಲೆ ಬೆರೆಸುತ್ತವೆ, ನಮಗೆ ಆ ಅನುಕೂಲ ಇಲ್ಲ. ಎರಡು ಸಲ ತುಂಬಿದ್ದು ಸಿಕ್ಕರೆ ಒಳ್ಳೆಯದು. ಮೂರು ನಾಲ್ಕು ಸಲ ಆದ ಮೇಲೆ ಮರದಲ್ಲಿ ಬಿಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಒಂದು ಮಾತು: ಮೊದಲು ಬಿಳಿ ವೈನೇ ಇದ್ದ ಪೀಪಾಯಿ ಕೇಳಿ ತನ್ನಿ. ಕೆಂಪು ವೈನ್ ಇದ್ದದ್ದಾದರೆ ನಿಮ್ಮ ಶಾರ್ಡೊನೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಂದ ಮೇಲೆ ಬಿಸಿನೀರು ಹಾಕಿ ಹಲಗೆಗಳು ಊದಿಕೊಳ್ಳುವವರೆಗೂ ಬಿಡಬೇಕು. ಸೋರುವುದಿದ್ದರೆ ನೀರಲ್ಲೇ ಗೊತ್ತಾಗಲಿ.

ಗೊಂಚಲುಗಳನ್ನು ತೊಟ್ಟು ಬಿಡಿಸದೆ ಹಾಗೇ ಹಿಂಡುತ್ತೇನೆ. ರಸ ಒಂದು ರಾತ್ರಿ ತಣ್ಣಗೆ ನಿಂತು ದಪ್ಪ ಗಸಿ ತಳ ಸೇರಿದ ಮೇಲೆ ಮೇಲಿನದನ್ನು ಪೀಪಾಯಿಗೆ ಇಳಿಸಿ, ಈಸ್ಟ್ ಹಾಕುತ್ತೇನೆ. ಹುದುಗುವುದೂ ಅಲ್ಲೇ, ಇದು ಮುಖ್ಯ. ಸ್ಟೀಲ್ ಡ್ರಮ್ಮಿನಲ್ಲಿ ಹುದುಗಿಸಿ ಆಮೇಲೆ ಮರಕ್ಕೆ ಹಾಕಿದರೆ ಓಕ್ ವಾಸನೆ ಬೇರೆಯಾಗಿ ಎದ್ದು ಹೊಡೆಯುತ್ತದೆ. ಪೀಪಾಯಿಯಲ್ಲೇ ಹುದುಗಿದರೆ ಮರ ಬಿಡುವ ವೆನಿಲಿನ್ (ವೆನಿಲ್ಲಾ ಘಮದ ಅಂಶ) ಅನ್ನು ಈಸ್ಟ್ ಒಂದಿಷ್ಟು ಮಾರ್ಪಡಿಸಿ ತಣ್ಣಗಾಗಿಸುತ್ತದೆ. ನೊರೆಗೆ ಜಾಗ ಬೇಕು, ಹಾಗಾಗಿ ಕಂಠದವರೆಗೆ ತುಂಬಬಾರದು. ಐದರಲ್ಲಿ ಒಂದು ಪಾಲು ಖಾಲಿ ಬಿಡಿ. ಮಿಕ್ಕ ರಸವನ್ನು ಗಾಜಿನ ಬುಡ್ಡಿಗಳಲ್ಲಿ ಹುದುಗಿಸುತ್ತೇನೆ.

ಆ ಬುಡ್ಡಿಗಳೇ ನನಗೆ ಬೆಣ್ಣೆಯ ಗುಟ್ಟು ಹೇಳಿದ್ದು. ಸಕ್ಕರೆಯೆಲ್ಲ ಮುಗಿದ ಮೇಲೆ ಪೀಪಾಯಿಗೂ ಬುಡ್ಡಿಗಳಿಗೂ ಮ್ಯಾಲೊಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಕಿದೆ. ಇವು ಚುರುಕು ಹುಳಿಯ ಮ್ಯಾಲಿಕ್ ಆಮ್ಲವನ್ನು ಮೆತ್ತಗಿನ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಆ ದಾರಿಯಲ್ಲಿ ಡಯಾಸಿಟೈಲ್ ಅನ್ನುವುದೊಂದು ಹುಟ್ಟುತ್ತದೆ. ಮೊಸರು ಕಡೆದು ತೆಗೆದ ಬೆಣ್ಣೆಗೆ ಆ ಘಮ ಬರುವುದೂ ಇದರಿಂದಲೇ. ಮೂತಿಗೆ ಮೂಗಿಟ್ಟು ನೋಡಿದರೆ ಮರವನ್ನೇ ಮುಟ್ಟದ ಬುಡ್ಡಿಯ ವೈನಿನಲ್ಲೂ ಅದೇ ಘಮ! ವೆನಿಲ್ಲಾ, ಸುಟ್ಟ ಬ್ರೆಡ್ಡು, ತೆಂಗಿನಕಾಯಿ, ಲವಂಗ: ಇವು ಮರದ್ದು. ಬೆಣ್ಣೆ ಬ್ಯಾಕ್ಟೀರಿಯಾದ್ದು.

ಇದರ ತಿರುಗುಮುರುಗು ಉದಾಹರಣೆಯೂ ಹತ್ತಿರದಲ್ಲೇ ಇದೆ. 1976ರಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ನಡೆಸಿದ ರುಚಿ ಪರೀಕ್ಷೆಯಲ್ಲಿ ಬರ್ಗಂಡಿಯ ವೈನುಗಳನ್ನು ಹಿಂದಿಕ್ಕಿ ಮೊದಲು ಬಂದದ್ದು ನಮ್ಮ ಪಕ್ಕದ ನಾಪಾದ ವೈನರಿ ಶಾಟೋ ಮಾಂಟೆಲೀನಾದ 1973ರ ಶಾರ್ಡೊನೆ. (ಹೆಸರು ನಾಪಾದ್ದು, ಹಣ್ಣು ಬಹುಪಾಲು ನಮ್ಮ ಸೊನೋಮಾದ್ದು. ಇಲ್ಲಿನವರು ಇದನ್ನು ಇವತ್ತಿಗೂ ಮರೆತಿಲ್ಲ.) ಆ ವೈನರಿ ಈಗಲೂ ಶಾರ್ಡೊನೆಯನ್ನು ಓಕ್‌ನಲ್ಲಿ ಇಡುತ್ತದೆ, ಆದರೆ ಮ್ಯಾಲೊಲ್ಯಾಕ್ಟಿಕ್‌ಗೆ ಬಿಡುವುದಿಲ್ಲ. ಮರ ಉಂಟು, ಬೆಣ್ಣೆ ಇಲ್ಲ. ಸೊನೋಮಾದ ವೈನರಿ ಹ್ಯಾನ್ಜೆಲ್‌ನಲ್ಲಿ 1950ರ ದಶಕದಲ್ಲೇ ಬರ್ಗಂಡಿಯಿಂದ ಪೀಪಾಯಿ ತರಿಸಿದರು. ಅಲ್ಲಿ ವೈನ್ ಮಾಡುತ್ತಿದ್ದ ಬ್ರ್ಯಾಡ್ ವೆಬ್ ಈ ಮ್ಯಾಲೊಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ಬೇಕೆಂದೇ ಹಾಕಿ ಕೆಲಸ ಮಾಡಿಸಿದವರಲ್ಲಿ ಮೊದಲಿಗರು. ಬರ್ಗಂಡಿಯಲ್ಲೂ ಒಂದೇ ಪದ್ಧತಿ ಇಲ್ಲ. ಅಲ್ಲಿನ ಮರ್ಸೋ ಊರಿನಲ್ಲಿ ಪೀಪಾಯಿಯೇ ಜೀವಾಳ, ಉತ್ತರದ ಚಳಿ ನಾಡು ಶಾಬ್ಲಿಯಲ್ಲಿ ಅನೇಕರು ಸ್ಟೀಲಿನಲ್ಲೇ ಮುಗಿಸುತ್ತಾರೆ.

ಮ್ಯಾಲಿಕ್ ಹುಳಿ ಎಷ್ಟು ಬದಲಾಯಿತು ಅಂತ ನೋಡಲು ಮನೆಯಲ್ಲೇ ಒಂದು ಕಾಗದದ ಪರೀಕ್ಷೆ ಮಾಡಬಹುದು. ಕಾಗದದ ಕೆಳ ಅಂಚಿನ ಹತ್ತಿರ ವೈನಿನ ಚುಕ್ಕೆ ಇಟ್ಟು, ಒಣಗಿದ ಮೇಲೆ ಈ ಪರೀಕ್ಷೆಯ ದ್ರಾವಣವಿರುವ ಜಾಡಿಯಲ್ಲಿ ನಿಲ್ಲಿಸಬೇಕು. ಅದರ ನಾತಕ್ಕೆ ನನ್ನ ಹೆಂಡತಿ ಜಾಡಿಯನ್ನು ಮನೆಯೊಳಗೆ ಬಿಡುವುದಿಲ್ಲ. ಕಾಗದ ಒಣಗುತ್ತಾ ನೀಲಿ-ಹಸಿರಾಗುತ್ತದೆ, ಹುಳಿ ಇದ್ದಲ್ಲೆಲ್ಲ ಹಳದಿ ಮಚ್ಚೆ ಮೂಡುತ್ತದೆ. ಕೆಳಗೆ ಟಾರ್ಟಾರಿಕ್ (ದ್ರಾಕ್ಷಿಯ ಇನ್ನೊಂದು ಹುಳಿ), ನಡುವೆ ಮ್ಯಾಲಿಕ್, ಮೇಲೆ ಲ್ಯಾಕ್ಟಿಕ್. ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ನಡುವಿನ ಮಚ್ಚೆ ಮಸುಕಾಗುತ್ತಾ ಹೋಗುತ್ತದೆ. ಅದು ಕಾಣದಂತಾದರೆ ಕೆಲಸ ಆಯಿತು.

ನನಗೆ ಬೆಣ್ಣೆ ಹಿತಮಿತವಾಗಿದ್ದರೆ ಸಾಕು. ಹಾಗಾಗಿ ಕೂಡಲೇ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಗಂಧಕದ ಲವಣ) ಹಾಕದೆ ತಳದ ಈಸ್ಟ್ ಗಸಿಯ ಮೇಲೆ ವೈನನ್ನು ಇನ್ನೂ ಸ್ವಲ್ಪ ಕಾಲ ಬಿಡುತ್ತೇನೆ, ವಾರಕ್ಕೊಮ್ಮೆ ಉದ್ದನೆಯ ಕೋಲಿನಿಂದ ಕದಡುತ್ತೇನೆ. ಈಸ್ಟೇ ಡಯಾಸಿಟೈಲನ್ನು ತಿಂದು ಕಡಿಮೆ ಮಾಡುತ್ತದೆ, ಬಾಯಲ್ಲಿ ತುಂಬಿಕೊಳ್ಳುವ ಗುಣ ಮಾತ್ರ ಹೆಚ್ಚುತ್ತದೆ. ಗಾಳಿ ಅತಿಯಾಗಬಾರದು, ಅದಕ್ಕೇ ಕದಡಿದ ಮೇಲೆ ಬಿರಡೆ ತಕ್ಷಣ ಬಿಗಿ ಮಾಡಬೇಕು.

ಆಮೇಲೆ ಸಲ್ಫೈಟ್ ಹಾಕಿ ಮುಂದಿನ ಬೇಸಿಗೆವರೆಗೂ ಕಾಯುವ ಕೆಲಸ. ಮರದ ಮೂಲಕ ತಿಂಗಳಿಗೆ ಒಂದು ಲೀಟರ್ ಆಸುಪಾಸು ಆವಿಯಾಗುತ್ತದೆ. ಬುಡ್ಡಿಯ ವೈನ್ ಖರ್ಚಾಗುವುದು ಇಲ್ಲೇ: ಬಿರಡೆ ತೆಗೆ, ಬಾಯಿವರೆಗೂ ತುಂಬು, ಮುಚ್ಚು.

ಬಾಟಲಿಗೆ ಹಾಕಿದರೆ ಹತ್ತಿರ ಹತ್ತಿರ 300 ಬಾಟಲಿ. ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ವೈನ್ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಹಂಚುವುದೇ ದಾರಿ. ಕೊಡುವಾಗ ಒಂದೇ ಮಾತು ಹೇಳಿ ಕಳಿಸುತ್ತೇನೆ: ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಕುಡಿಯಿರಿ, ಕೊರೆಯುವಷ್ಟು ತಣ್ಣಗಿದ್ದರೆ ಮರವೂ ಗೊತ್ತಾಗುವುದಿಲ್ಲ, ಬೆಣ್ಣೆಯೂ ಗೊತ್ತಾಗುವುದಿಲ್ಲ.