ಒಂದೇ ಚಿಪ್, ದಿನಕ್ಕೊಂದು ಉತ್ತರ: ನಿಯೋಬಿಯಂ ರೆಸೊನೇಟರ್ ಅಳೆದ ನನ್ನ ಅನುಭವ

ಮೊದಲ ದಿನ ರೆಸೊನೇಟರ್‌ನ, ಅಂದರೆ ಒಂದು ಆವರ್ತನಕ್ಕೆ ಜೋರಾಗಿ ಕಂಪಿಸುವ ಸರ್ಕ್ಯೂಟ್‌ನ, ಕ್ಯೂ (Q: ಶಕ್ತಿ ನಷ್ಟ ಕಡಿಮೆ ಇದ್ದಷ್ಟೂ ಹೆಚ್ಚುವ ಸಂಖ್ಯೆ) 12,000 ಬಂತು. ಮರುದಿನ 7,000. ಮೂರನೇ ದಿನ 9,500. ಚಿಪ್ ಅದೇ, ಕೇಬಲ್ ಅದೇ, ಇನ್ನೂ ಕಾಂತಕ್ಷೇತ್ರ ಕೊಟ್ಟೇ ಇರಲಿಲ್ಲ. ಕ್ಷೇತ್ರ ಕೊಟ್ಟಾಗ ಕ್ಯೂ ಎಷ್ಟು ಬೀಳುತ್ತದೆ ಅಂತ ಅಳೆಯೋದು ನನ್ನ ಕೆಲಸ, ಆದರೆ ಬೀಳುವ ಮೊದಲು ಎಲ್ಲಿತ್ತು ಅನ್ನೋದೇ ನಿಲ್ಲದಿದ್ದರೆ ಏನನ್ನು ಅಳೆಯುವುದು? ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದರ ಹಿಂದೆ ಬಿದ್ದು ಮೂರು ತಿಂಗಳು ಕಳೆದೆ. ಇದೇ ಅಳತೆಗೆ ಹೊರಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಚಿಪ್ ಹೀಗಿತ್ತು: ಸಫೈರ್ ಮೇಲೆ 200 ನ್ಯಾನೋಮೀಟರ್ ದಪ್ಪದ ನಿಯೋಬಿಯಂ ಪದರ (ಫಿಲ್ಮ್), ನಡುವೆ 10 ಮೈಕ್ರಾನ್ ಅಗಲದ ಪಟ್ಟಿ, ಎರಡೂ ಕಡೆ ಸಣ್ಣ ಸಂದು, ಅದರಾಚೆ ಗ್ರೌಂಡ್. ಪಟ್ಟಿಯ ಉದ್ದ ಸುಮಾರು 13 ಮಿ.ಮೀ., ಹಾವಿನ ಥರ ಮಡಿಸಿದ್ದು. ಅನುರಣನ 5 ಗಿಗಾಹರ್ಟ್ಸ್ ಆಸುಪಾಸು. ನಿಯೋಬಿಯಂ ಸೂಪರ್‌ಕಂಡಕ್ಟರ್ (ಪ್ರತಿರೋಧವಿಲ್ಲದೆ ಕರೆಂಟ್ ಹರಿಸುವ ವಸ್ತು) ಆಗೋದು 9.2 ಕೆಲ್ವಿನ್‌ಗೆ, ದ್ರವ ಹೀಲಿಯಂ 4.2 ಕೆಲ್ವಿನ್. ಹಾಗಾಗಿ ಉದ್ದನೆಯ ಸ್ಟಿಕ್ ತುದಿಯ ತಾಮ್ರದ ಪೆಟ್ಟಿಗೆಯಲ್ಲಿ ಚಿಪ್ ಕೂರಿಸಿ ನೇರ ಡ್ಯೂವರ್‌ಗೆ (ದ್ರವ ಹೀಲಿಯಂ ಇಡುವ ಥರ್ಮಾಸ್‌ನಂಥ ಪಾತ್ರೆಗೆ) ಇಳಿಸಿದರೆ ಆಯಿತು. ಪ್ರತಿ ಆವರ್ತನದಲ್ಲಿ ಎಷ್ಟು ಸಿಗ್ನಲ್ ದಾಟುತ್ತದೆ ಅಂತ ಅಳೆಯುವ ನೆಟ್‌ವರ್ಕ್ ಅನಲೈಸರ್‌ನಲ್ಲಿ ಕಾಣುವ ಶಿಖರ ಎಷ್ಟು ಕಿರಿದೋ ಕ್ಯೂ ಅಷ್ಟು ಜಾಸ್ತಿ, ನಷ್ಟ ಅಷ್ಟು ಕಡಿಮೆ.

ನಷ್ಟ ಎಲ್ಲಿಂದ ಬರುತ್ತದೆ? ಕಾಂತಕ್ಷೇತ್ರ ಇಂಥ ಫಿಲ್ಮ್ ಒಳಗೆ ಬಿಡಿ ಬಿಡಿ ಸುಳಿಗಳಾಗಿ ನುಗ್ಗುತ್ತದೆ. ಪ್ರತಿ ಸುಳಿಯ ಫ್ಲಕ್ಸ್ (ಅದರ ಮೂಲಕ ಹಾಯುವ ಒಟ್ಟು ಕಾಂತಕ್ಷೇತ್ರ) ಒಂದೇ ಅಳತೆ, 2.07×10⁻¹⁵ ವೆಬರ್. ಫಿಲ್ಮ್‌ನಲ್ಲಿರುವ ದೋಷಗಳಿಗೆ ಸುಳಿಗಳು ಸಿಕ್ಕಿಕೊಳ್ಳುತ್ತವೆ, ಗೂಟಕ್ಕೆ ಕಟ್ಟಿದ ಕರುವಿನ ಥರ. ನಿಧಾನವಾಗಿ ಎಳೆದರೆ ಹಗ್ಗ ವಾಪಸ್ ಎಳೆಯುತ್ತದೆ, ನಷ್ಟ ಕಡಿಮೆ. ಆದರೆ ಮೈಕ್ರೋವೇವ್ ಕರೆಂಟ್ ಸೆಕೆಂಡಿಗೆ 500 ಕೋಟಿ ಸಲ ಅತ್ತಿತ್ತ ಜಗ್ಗುವಾಗ ಹಗ್ಗದ ಎಳೆತಕ್ಕಿಂತ ಸುಳಿಯ ಘರ್ಷಣೆಯದ್ದೇ ಮೇಲುಗೈ ಆಗುತ್ತಾ ಹೋಗುತ್ತದೆ, ಅಲ್ಲೇ ಶಕ್ತಿ ಶಾಖವಾಗಿ ಹೋಗುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಈ ಆವರ್ತನವನ್ನು ಭೌತವಿಜ್ಞಾನಿಗಳಾದ ಗಿಟಲ್‌ಮನ್ ಮತ್ತು ರೋಸೆನ್‌ಬ್ಲಮ್ 1966ರಲ್ಲೇ ತೋರಿಸಿದ್ದರು.

ನಾನು ಮೊದಲು ಅನುಮಾನಪಟ್ಟಿದ್ದು ಭೂಮಿಯ ಕಾಂತಕ್ಷೇತ್ರವನ್ನು. 10 ಮೈಕ್ರಾನ್ ಪಟ್ಟಿಯನ್ನು ತಣಿಸುವಾಗ ಸುಮಾರು 20 ಮೈಕ್ರೋಟೆಸ್ಲಾ ದಾಟಿದರೆ ಸುಳಿಗಳು ಒಳಗೆ ಉಳಿಯಬಹುದು. ಫ್ಲಕ್ಸ್ ಅಳತೆಯನ್ನು ಅಗಲದ ವರ್ಗದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಭೂಮಿಯದ್ದು ಇಲ್ಲಿ 40 ಮೈಕ್ರೋಟೆಸ್ಲಾ. ದಕ್ಷಿಣ ಭಾರತ ಕಾಂತೀಯ ಸಮಭಾಜಕಕ್ಕೆ ಹತ್ತಿರ ಇರೋದರಿಂದ ಆ ಕ್ಷೇತ್ರ ಬಹುತೇಕ ನೆಲಕ್ಕೆ ಸಮನಾಗಿ ಉತ್ತರಕ್ಕೆ ಹೋಗುತ್ತದೆ. ನಮ್ಮ ಸ್ಟಿಕ್‌ನಲ್ಲಿ ಚಿಪ್ ನೆಟ್ಟಗೆ ನಿಲ್ಲುತ್ತದೆ. ಅಂದರೆ ಚಿಪ್ಪಿನ ಮುಖ ಉತ್ತರಕ್ಕಿದ್ದರೆ ಪೂರ್ತಿ ಹೊಡೆತ, ಪೂರ್ವಕ್ಕಿದ್ದರೆ ಏನೂ ಇಲ್ಲ! ಸ್ಟಿಕ್ ತಿರುಗಿಸಿ ತಿರುಗಿಸಿ ತಣಿಸಿದೆ. ಕ್ಯೂನಲ್ಲಿ ಕಾಣುವಂಥ ವ್ಯತ್ಯಾಸವೇ ಇಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ: ಭೂಮಿಯ ಕ್ಷೇತ್ರ ಪೂರ್ತಿ ಹೊಕ್ಕರೂ ಪಟ್ಟಿಯಲ್ಲಿ ಹೆಚ್ಚೆಂದರೆ 2,500 ಸುಳಿ. 1 ಮಿಲಿಟೆಸ್ಲಾಕ್ಕೆ 60,000ಕ್ಕೂ ಮೇಲೆ. ಕ್ಯೂ 7,000ಕ್ಕೆ ಇಳಿಯಬೇಕಾದರೆ ಮಿಲಿಟೆಸ್ಲಾ ಲೆಕ್ಕದ್ದೇ ಏನೋ ಹತ್ತಿರ ಇರಬೇಕು.

ಉತ್ತರ ಸಿಕ್ಕಿದ್ದು ಹೀಲಿಯಂ ತುಂಬಿಸಿಕೊಡುವ ಅಣ್ಣನಿಂದ. ಬಿಚ್ಚಿಟ್ಟ ಪೆಟ್ಟಿಗೆಯ ಬಿಡಿಭಾಗಗಳ ಮೇಲೆ ಅವರು ಒಂದು ಸಣ್ಣ ಮ್ಯಾಗ್ನೆಟ್ ಆಡಿಸಿದರು.

"ಇದೆಲ್ಲ ಹಿತ್ತಾಳೆ ಅಂದ್ಯಲ್ಲಪ್ಪಾ, ಈ ವಾಷರ್ ನೋಡು, ಅಂಟ್ಕೊಳ್ತಿದೆ."

ಸ್ಕ್ರೂಗಳು ಹಿತ್ತಾಳೆಯವೇ. ಅವುಗಳ ಕೆಳಗಿನ ಸ್ಪ್ರಿಂಗ್ ವಾಷರ್ ಮಾತ್ರ ಉಕ್ಕು. ಚಿನ್ನದ ಬಣ್ಣದ ಕನೆಕ್ಟರ್ ಕೂಡ ಅಂಟಿತು, ಯಾಕೆಂದರೆ ಚಿನ್ನದ ಲೇಪದ ಅಡಿಯಲ್ಲಿ ನಿಕಲ್ ಇತ್ತು. ಇದೇ ಪೆಟ್ಟಿಗೆ ಹಿಂದಿನ ತಿಂಗಳು ದೊಡ್ಡ ಮ್ಯಾಗ್ನೆಟ್ ಒಳಗೆ ಹೋಗಿ ಬಂದಿತ್ತು. ಅಲ್ಲಿ ಹತ್ತಿದ ಕಾಂತತ್ವ ವಾಷರ್‌ಗಳಲ್ಲಿ ಉಳಿದಿತ್ತು, ನಾನು ಪ್ರತಿ ಸಲ ಪೆಟ್ಟಿಗೆ ಬಿಚ್ಚಿ ಜೋಡಿಸಿದಾಗ ಅವು ಬೇರೆ ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದವು. ದಿನಕ್ಕೊಂದು ಉತ್ತರ ಬಂದಿದ್ದು ಅದಕ್ಕೇ. ಬೆರಿಲಿಯಂ-ತಾಮ್ರದ ವಾಷರ್ ಹಾಕಿ, ನಿಕಲ್ ಇಲ್ಲದ ಕನೆಕ್ಟರ್ ತರಿಸಿ ಮತ್ತೆ ಅಳೆದೆ. ಮೂರು ಸಲ ತಣಿಸಿದೆ, ಮೂರೂ ಗೆರೆಗಳು ಒಂದರ ಮೇಲೊಂದು ಕೂತವು. ಆ ಸಂಜೆ ಎಷ್ಟು ಖುಷಿಯಾಯಿತು ಅಂದರೆ ನಾಲ್ಕನೇ ಸಲವೂ ಸುಮ್ನೆ ತಣಿಸಿ ನೋಡಿದೆ.

ಈಗ ನಿಜವಾದ ಅಳತೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಫಿಲ್ಮ್‌ನ ನೆನಪು. ಒಂದೇ 2 ಮಿಲಿಟೆಸ್ಲಾವನ್ನು ಎರಡು ರೀತಿ ಕೊಡಬಹುದು. ಕ್ಷೇತ್ರ ಇಟ್ಟುಕೊಂಡೇ ತಣಿಸಿದರೆ ಸುಳಿಗಳು ಪಟ್ಟಿಯ ಅಗಲಕ್ಕೆಲ್ಲ ಹೆಚ್ಚುಕಡಿಮೆ ಸಮನಾಗಿ ಹರಡುತ್ತವೆ. ತಣಿಸಿದ ಮೇಲೆ ಕ್ಷೇತ್ರ ಏರಿಸಿದರೆ ಅವು ಅಂಚಿನಿಂದ ನುಗ್ಗಿ ಅಂಚಿನಲ್ಲೇ ಗುಂಪಾಗುತ್ತವೆ. ಮೈಕ್ರೋವೇವ್ ಕರೆಂಟ್ ಅತಿ ಜೋರಾಗಿ ಹರಿಯೋದೂ ಅಂಚಿನಲ್ಲೇ. ಅದಕ್ಕೇ ಎರಡನೇ ರೀತಿಯಲ್ಲಿ ಕ್ಯೂ ಜಾಸ್ತಿ ಬಿತ್ತು. ಏರಿಸಿದ ಕ್ಷೇತ್ರವನ್ನು ಹಾಗೇ ಇಳಿಸುತ್ತಾ ಬಂದಾಗ, ಒಳಗೆ ಸುಳಿಗಳು ಇನ್ನೂ ಜಾಸ್ತಿ ಇದ್ದರೂ, ಅದೇ 2 ಮಿಲಿಟೆಸ್ಲಾದಲ್ಲಿ ಕ್ಯೂ ಮೊದಲಿಗಿಂತ ಚೆನ್ನಾಗಿತ್ತು. ಮೊದಲ ಸಲ ನೋಡಿದಾಗ ಫೈಲ್ ಅದಲುಬದಲಾಗಿದೆ ಅಂದುಕೊಂಡೆ. ಆದರೆ ನಡುವೆ ಸಿಕ್ಕಿಬಿದ್ದ ಸುಳಿಗಳ ಕ್ಷೇತ್ರ ಅಂಚಿನಲ್ಲಿ ತಿರುಗಿ ಬಂದು ಹೊರಗಿನದನ್ನು ಕಳೆಯುತ್ತದೆ, ಅಂಚು ಖಾಲಿಯಾಗುತ್ತದೆ. ಪೂರ್ತಿ ಸೊನ್ನೆಗೆ ತಂದರೂ ಕ್ಯೂ ಮೊದಲಿನ ಜಾಗಕ್ಕೆ ಬರಲಿಲ್ಲ. ಅದಕ್ಕೆ ಒಂದೇ ದಾರಿ: ಸ್ಟಿಕ್ ಮೇಲೆತ್ತಿ 12–15 ಕೆಲ್ವಿನ್‌ಗೆ ಬಿಸಿ ಮಾಡಿ, ಮತ್ತೆ ನಿಧಾನವಾಗಿ ಇಳಿಸುವುದು.

ಇನ್ನೊಂದು ಮಾತು. ಕ್ಷೇತ್ರವನ್ನು ಫಿಲ್ಮ್‌ಗೆ ಸಮಾನಾಂತರವಾಗಿ ಕೊಡುತ್ತಿದ್ದೀರಾದರೆ ಓರೆಯನ್ನು ಅಳೆಯದೆ ನಂಬಬೇಡಿ. 100 ಮಿಲಿಟೆಸ್ಲಾದಲ್ಲಿ 1 ಡಿಗ್ರಿ ಓರೆಯಾದರೂ 1.7 ಮಿಲಿಟೆಸ್ಲಾ ನೇರ ಒಳಗೆ ಚುಚ್ಚುತ್ತದೆ. ಪವರ್ ಕೂಡ ಕಡಿಮೆ ಇಡಿ, ಜಾಸ್ತಿಯಾದರೆ ಶಿಖರ ಒಂದು ಕಡೆ ವಾಲುತ್ತದೆ.

ನನ್ನ ನೋಟ್‌ಬುಕ್‌ನಲ್ಲಿ ಈಗ ಪ್ರತಿ ಅಳತೆಯ ಮುಂದೆ "ಹೇಗೆ ತಣಿಸಿದೆ" ಅಂತ ಒಂದು ಕಾಲಂ ಇದೆ. ಅದು ಖಾಲಿ ಇರುವ ಹಳೆಯ ಡೇಟಾ ಎಲ್ಲವನ್ನೂ ಪಕ್ಕಕ್ಕಿಟ್ಟೆ, ಆರು ವಾರದ್ದು. ಮುಂದಿನ ಚಿಪ್‌ನಲ್ಲಿ ಪಟ್ಟಿಯ ಅಂಚಿನುದ್ದಕ್ಕೂ ಸುಳಿ ಹಿಡಿಯಲು ಸಣ್ಣ ತೂತುಗಳನ್ನು ಕೊರೆಸುತ್ತಿದ್ದೇನೆ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಇದನ್ನು ಮಾಡಿ ನಷ್ಟ ಇಳಿಸಿದ್ದಾರೆ. ಮಾಸ್ಕ್ (ಚಿಪ್ ಮೇಲೆ ವಿನ್ಯಾಸ ಮೂಡಿಸುವ ಅಚ್ಚು) ಡ್ರಾಯಿಂಗ್ ಮುಗಿದಿದೆ, ಹೀಲಿಯಂಗೆ ಹೆಸರು ಬರೆಸಿದ್ದೇನೆ.