605 ವೋಲ್ಟಿನಲ್ಲಿ 10 ಗಂಟೆ ಅಂದ್ರೆ ನಿಜವಾಗಿ ಎಷ್ಟು?

ಹುಬ್ಬಳ್ಳಿ ಹತ್ತಿರದ ತಾರಿಹಾಳದ ಚಿಕ್ಕ ಫ್ಯಾಕ್ಟರಿಯೊಂದರಲ್ಲಿ ಬೋರ್‌ವೆಲ್ ಮೋಟರಿನ ಕೆಪ್ಯಾಸಿಟರ್ ಮಾಡುತ್ತೇವೆ. ಮೈಮೇಲೆ 440 ವೋಲ್ಟ್ ಅಂತ ಬರೆದಿರುತ್ತದೆ. ಮಾಲೀಕರ ಪ್ರಶ್ನೆ ಒಂದೇ: "ಇದು ಎಷ್ಟು ವರ್ಷ ಬಾಳಿಕಿ ಬರತೈತ್ರಿ?" 440ರಲ್ಲೇ ಹಚ್ಚಿ ಕಾಯುವಷ್ಟು ಪುರುಸೊತ್ತು ಯಾರಿಗಿದೆ?

ಹಾಗಾಗಿ 20 ಪೀಸ್ ಓವನ್‌ನಲ್ಲಿಟ್ಟೆ. ತಾಪ 85 ಡಿಗ್ರಿ, ಅದನ್ನು ಮುಟ್ಟಲಿಲ್ಲ. ಬೇಗ ಸವೆಯಲಿ ಅಂತ ವೋಲ್ಟೇಜನ್ನು ಮಾತ್ರ ಮೆಟ್ಟಿಲಿನ ಹಾಗೆ ಏರಿಸಿದೆ: 500ರಲ್ಲಿ 100 ಗಂಟೆ, 550ರಲ್ಲಿ 100 ಗಂಟೆ, ಆಮೇಲೆ 605. ಮೈಕ್ರೋಫ್ಯಾರಡ್, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ, 5% ಇಳಿದರೆ ಆ ಪೀಸ್ ಸತ್ತಂತೆ. ಕರೆಂಟ್ ಹೋದ ಹೊತ್ತನ್ನು ಲೆಕ್ಕದಿಂದ ಕಳೆಯಬೇಕು. ಮೊದಲ ದಿನ ಸುಮ್ನೆ ಗೋಡೆ ಗಡಿಯಾರ ನೋಡಿ ಅದನ್ನೂ ಸೇರಿಸಿಬಿಟ್ಟಿದ್ದೆ!

ದೊಡ್ಡ ತಪ್ಪು ಬೇರೆ ಇತ್ತು. 605ಕ್ಕೆ ಏರಿಸಿದ 10 ಗಂಟೆಗೆ ಸತ್ತ ಪೀಸಿನ ಮುಂದೆ '10 ಗಂಟೆ' ಅಂತ ಬರೆದೆ. ಹಿಂದಿನ 200 ಗಂಟೆ ತಿಂದ ಪೆಟ್ಟು ಎಲ್ಲಿ ಹೋಯಿತು? ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವೇಯ್ನ್ ನೆಲ್ಸನ್ 1980ರಲ್ಲಿ ಕೇಬಲ್ ಇನ್ಸುಲೇಶನ್ ಡೇಟಾ ಇಟ್ಟುಕೊಂಡು ಬರೆದ ಮಾದರಿ ಇದಕ್ಕೇ ಇರುವುದು. ಪೀಸ್ ಹೇಗೆ ಸವೆಯಿತು ಅನ್ನುವುದು ಅಲ್ಲಿ ಬೇಕಿಲ್ಲ. ಎಷ್ಟು ಸವೆದಿದೆ, ಈಗ ಯಾವ ವೋಲ್ಟೇಜ್ ಇದೆ, ಇಷ್ಟೇ ಸಾಕು.

ಆಯುಷ್ಯ ವೋಲ್ಟೇಜಿನ 7ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ ಅಂದುಕೊಳ್ಳಿ. 500ರಲ್ಲಿ ಕಳೆದ 100 ಗಂಟೆ 605ರಲ್ಲಿ ಸುಮಾರು 26 ಗಂಟೆಗೆ ಸಮ. 550ರ 100 ಗಂಟೆ 51ಕ್ಕೆ ಸಮ. ಅಂದರೆ ಆ ಪೀಸಿನ ವಯಸ್ಸು 10 ಅಲ್ಲ, ಹತ್ತಿರ ಹತ್ತಿರ 88 ಗಂಟೆ.

ಈ 7 ನಾನು ಹಿಡಿದದ್ದು, ಅಷ್ಟೇ. ನಿಜವಾದ ಘಾತವನ್ನೂ ವೈಬುಲ್ ಆಕಾರವನ್ನೂ (ವಯಸ್ಸಾದಂತೆ ಸಾಯುವ ಸಂಭವ ಹೇಗೆ ಬದಲಾಗುತ್ತದೆ ಅಂತ ಹೇಳುವ ಅಂಕಿ) ಒಟ್ಟಿಗೇ ಡೇಟಾದಿಂದ ಹುಡುಕಬೇಕು. ಯಾವ ಅಂಕಿಗಳು ಈ ಡೇಟಾಕ್ಕೆ ಚೆನ್ನಾಗಿ ಹೊಂದುತ್ತವೆ ಅಂತ ಅಳೆಯುವ ಲೈಕ್ಲಿಹುಡ್ ಸೂತ್ರವನ್ನು ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಓಡಿಸಿದೆ. ಕೊನೆಗೂ ಸಾಯದ ಪೀಸುಗಳನ್ನು ಬಿಡಲಿಲ್ಲ. 'ಇಷ್ಟು ಹೊತ್ತು ಬದುಕಿತ್ತು' ಅನ್ನುವುದೂ ಮಾಹಿತಿಯೇ ಅಲ್ವಾ.

ತಲೆನೋವು ಬಂದದ್ದು ಲೆಕ್ಕವನ್ನು 440ಕ್ಕೆ ಇಳಿಸುವಾಗ. ಘಾತ 6 ಆದರೆ 605ರ ಆಯುಷ್ಯಕ್ಕಿಂತ 6.8 ಪಟ್ಟು, 8 ಆದರೆ 12.8 ಪಟ್ಟು. ಎಲ್ಲ ಪೀಸೂ ಒಂದೇ ರೀತಿ ಮೆಟ್ಟಿಲು ಹತ್ತಿದ್ದರಿಂದ ಘಾತ ಗಟ್ಟಿಯಾಗಿ ಸಿಗಲಿಲ್ಲ. ಮಾಲೀಕರಿಗೆ ಒಂದೇ ಅಂಕಿ ಬೇಕಿತ್ತು. ನಾನು ಕಡಿಮೆ ಆಯುಷ್ಯದ ಅಂಕಿಯನ್ನೇ ಕೊಟ್ಟೆ. ಅವರ ಮುಖ ಇಳಿಯಿತು.

ಈ ಸಲದ ಬ್ಯಾಚಿನಲ್ಲಿ ಅರ್ಧ ಪೀಸುಗಳನ್ನು 500ರಲ್ಲೇ ಕೂರಿಸಿದ್ದೇನೆ. ಏರಿಸುವುದಿಲ್ಲ. ಓವನ್ ಇನ್ನೂ ಓಡುತ್ತಿದೆ.