ಮನೆಯಿಂದಲೇ ಲ್ಯಾಪ್‌ಟಾಪ್ ಕೆಲಸವಾ? ಕತ್ತು, ಕರೆಂಟು ಎರಡೂ ನೋಡಿಕೊಳ್ಳಿ

ಲ್ಯಾಪ್‌ಟಾಪಿನಲ್ಲಿ ಸ್ಕ್ರೀನೂ ಕೀಬೋರ್ಡೂ ಅಂಟಿಕೊಂಡೇ ಇರುತ್ತವೆ. ತೊಂದರೆ ಇರುವುದೇ ಅಲ್ಲಿ. ಕಣ್ಣಿಗೆ ಸರಿಹೋದರೆ ಕೈ ಮೇಲೆ ಹೋಗುತ್ತದೆ, ಕೈಗೆ ಸರಿಹೋದರೆ ಕತ್ತು ಬಗ್ಗುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಪರವಾಗಿಲ್ಲ. ಶಿರಸಿಯಲ್ಲಿ ಕೂತು ಇಡೀ ದಿನ ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವ ನನ್ನಂಥವರಿಗೆ ಆಗಲ್ಲ.

ಹಾಗಾಗಿ ಮೊದಲು ಬೇರೆ ಕೀಬೋರ್ಡು, ಮೌಸು ತೆಗೆದುಕೊಳ್ಳಿ. ಸ್ಟ್ಯಾಂಡಿಗೆ ಸುಮ್ನೆ ದುಡ್ಡು ಹಾಕಬೇಕಿಲ್ಲ. ನನ್ನ ಲ್ಯಾಪ್‌ಟಾಪ್ ಎರಡು ದಪ್ಪ ಡಿಕ್ಷನರಿಗಳ ಮೇಲೆ ಕೂತಿದೆ, ಗಾಳಿಯ ಕಿಂಡಿ ಮುಚ್ಚದ ಹಾಗೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ. ದೂರ ಒಂದು ತೋಳಿನಷ್ಟು. ಬೈಫೋಕಲ್ ಕನ್ನಡಕದವರು ಇನ್ನೂ ಕೆಳಗಿಡಿ, ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ಕತ್ತು ನೋಯುತ್ತದೆ. ಪಾದ ನೆಲಕ್ಕೆ ಊರಬೇಕು. ನಮ್ಮ ಊಟದ ಟೇಬಲ್ಲಿನ ಕುರ್ಚಿ ನನಗೆ ಎತ್ತರ, ಅದಕ್ಕೇ ಕಾಲ ಕೆಳಗೆ ಒಂದು ಮಣೆ. ಅತ್ತೆ ಮೊದಲು ನಕ್ಕರು, ಈಗ ಅವರೇ ತಂದಿಡುತ್ತಾರೆ.

20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ. ನನಗೆ ಕಿಟಕಿಯಾಚೆ ಅಡಿಕೆ ತೋಟವಿದೆ, ನಿಮಗೆ ಎದುರುಮನೆಯ ಗೋಡೆಯಾದರೂ ಸರಿ. ಹಾಸಿಗೆ, ಕಂಬಳಿಯ ಮೇಲೆ ಇಟ್ಟು ಕೆಲಸ ಮಾಡಬೇಡಿ, ಫ್ಯಾನಿನ ದಾರಿ ಮುಚ್ಚಿ ಬಿಸಿಯೇರುತ್ತದೆ. ದಿನವೂ ತೊಡೆಯ ಮೇಲಿಟ್ಟರೆ ಆ ಬಿಸಿಗೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಬೀಳಬಹುದು.

ಇನ್ನು ಕರೆಂಟು. ಚಾರ್ಜಿಗೆ ಹಾಕಿದಾಗ ಲೋಹದ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಾ? ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು) ಇಲ್ಲದಿದ್ದರೆ ಅಡಾಪ್ಟರಿನಿಂದ ಸೋರುವ ಚೂರು ಕರೆಂಟು ಅದು. ಎರಡು ಪಿನ್ನಿನ ಪ್ಲಗ್ಗುಗಳಲ್ಲಿ ಇದು ಜಾಸ್ತಿ. ಮೂರು ಪಿನ್ ಇದ್ದೂ ಹೀಗಾದರೆ ಎಲೆಕ್ಟ್ರಿಷಿಯನ್ನನ್ನು ಕರೆದು ಸಾಕೆಟ್ ತೋರಿಸಿ. ಕೆಲವು ಹಳೇ ಮನೆಗಳಲ್ಲಿ ಅರ್ಥ್‌ಗೆಂದು ಮೇಲಿನ ತೂತು ಇರುತ್ತದೆ, ಅದಕ್ಕೆ ವೈರೇ ಇರಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ನಮ್ಮ ಕಡೆ ಗುಡುಗು ಸಿಡಿಲು ಜೋರು. ದೂರದಲ್ಲಿ ಗುಡುಗಿದಾಗಲೇ ಚಾರ್ಜರ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಸ್ಪೈಕ್ ಗಾರ್ಡ್ ಕೂಡ ಸಿಡಿಲನ್ನು ತಡೆಯಲ್ಲ. ರೂಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ. ಹೇಗೂ ಬ್ಯಾಟರಿ ಇದೆ, ಮೀಟಿಂಗ್ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮುಗಿಯುತ್ತದೆ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿರಬಹುದು. ಕೂಡಲೇ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಬ್ಯಾಟರಿ ಊದಿದೆ ಎಂದು ತಿಳಿಸಿ, ಆಮೇಲೆ ತೆಗೆದುಕೊಂಡು ಹೋಗಿ.